ದಿನಕ್ಕೊಂದು ಪುಟ

(ಊರಿನ ಚರಿತ್ರೆ ಬರೆಯಲು ಹೊರಟವರ ಮುಂದೆ ದೊಡ್ಡಬಳ್ಳಾಪುರದಲ್ಲಿ ಮಾಡಿದ ಭಾಷಣದ ಬರಹರೂಪ)



ಇಲ್ಲಿ ಕುಳಿತಿರುವ ಅನೇಕರ ಮನಸ್ಸಿನಲ್ಲಿ ಒಂದೊಂದು ಪುಸ್ತಕವಿದೆ. ಒಬ್ಬರದು ತಮ್ಮೂರ ಕೆರೆಯ ಕಥೆ, ಇನ್ನೊಬ್ಬರದು ಮನೆತನದ ಮಗ್ಗದ ಕಥೆ, ಮತ್ತೊಬ್ಬರದು ಅಜ್ಜಿ ಹಾಡುತ್ತಿದ್ದ ಸೋಬಾನೆ ಪದಗಳ ಸಂಗ್ರಹ. 'ಸ್ವಲ್ಪ ಬಿಡುವಾಗಲಿ, ಬರೆಯುತ್ತೇನೆ' ಎಂಬುದು ಮಾತ್ರ ಎಲ್ಲರ ಬಾಯಲ್ಲೂ ಒಂದೇ. ಆ ಬಿಡುವು ಬರುವುದೇ ಇಲ್ಲ.

ಇದೇ ಊರಿನ ನೇಕಾರ ಕುಟುಂಬದಲ್ಲಿ 1954ರಲ್ಲಿ ಹುಟ್ಟಿದ ವಿಮರ್ಶಕ ಡಿ.ಆರ್. ನಾಗರಾಜ್ 1998ರಲ್ಲಿ ತೀರಿಕೊಂಡಾಗ ಅವರಿಗೆ ಕೇವಲ 44 ವರ್ಷ. ಅಷ್ಟರೊಳಗೆ 'ಅಮೃತ ಮತ್ತು ಗರುಡ', 'ಶಕ್ತಿ ಶಾರದೆಯ ಮೇಳ', 'ಸಾಹಿತ್ಯ ಕಥನ' ಪುಸ್ತಕಗಳು ಹೊರಬಂದಿದ್ದವು. ಮೇಷ್ಟ್ರ ಕೆಲಸದಿಂದ ನಿವೃತ್ತರಾದ ಮೇಲೆ ಬರೆಯೋಣವೆಂದು ಅವರು ಕಾದಿದ್ದರೆ ಇವುಗಳಲ್ಲಿ ಒಂದೂ ನಮ್ಮ ಕೈಗೆ ಸಿಗುತ್ತಿರಲಿಲ್ಲ.

ಹಾಗಾದರೆ ದೊಡ್ಡ ಪುಸ್ತಕಗಳು ಮುಗಿಯುವುದು ಹೇಗೆ? ಸ್ವಲ್ಪ ಲೆಕ್ಕ ಹಾಕಿ ನೋಡೋಣ. ಕುವೆಂಪು ಅವರು 'ಶ್ರೀ ರಾಮಾಯಣ ದರ್ಶನಂ' ಆರಂಭಿಸಿದ್ದು 1936ರಲ್ಲಿ. ಅದು ಮುಗಿಯಲು ಸುಮಾರು ಒಂಬತ್ತು ವರ್ಷ ಹಿಡಿಯಿತು. ಅದರಲ್ಲಿರುವುದು ಇಪ್ಪತ್ತೆರಡು ಸಾವಿರಕ್ಕೂ ಹೆಚ್ಚು ಸಾಲು. ದಿನದ ಲೆಕ್ಕಕ್ಕೆ ಇಳಿಸಿದರೆ ಸರಾಸರಿ ಏಳು ಸಾಲು! ಅವರು ದಿನವೂ ಎಣಿಸಿ ಏಳೇ ಸಾಲು ಬರೆದರೆಂದು ಇದರ ಅರ್ಥವಲ್ಲ. ಕಾಲೇಜಿನಲ್ಲಿ ಪಾಠ ಹೇಳುತ್ತಲೇ ಅವರು ಈ ಮಹಾಕಾವ್ಯವನ್ನು ಕಟ್ಟಿದರು ಎಂಬುದಷ್ಟೇ ನಾವು ಗಮನಿಸಬೇಕಾದದ್ದು.

ಕನ್ನಡ ಸಾಹಿತ್ಯ ಪರಿಷತ್ತಿನ ಕನ್ನಡ-ಕನ್ನಡ ನಿಘಂಟನ್ನೇ ತೆಗೆದುಕೊಳ್ಳಿ. ಎಂಟು ಸಂಪುಟ, ಸುಮಾರು ಒಂಬತ್ತು ಸಾವಿರ ಪುಟ. ಮೊದಲ ಸಂಪುಟ ಬಂದದ್ದು 1970ರಲ್ಲಿ, ಕೊನೆಯದು 1995ರಲ್ಲಿ. ಈ ಇಪ್ಪತ್ತೈದು ವರ್ಷಗಳಲ್ಲಿರುವುದೂ ಸುಮಾರು ಒಂಬತ್ತು ಸಾವಿರ ದಿನ. ಅಂದರೆ ದಿನಕ್ಕೆ ಒಂದು ಪುಟ. ಅದರ ಹಿಂದೆ ಪದ ಸಂಗ್ರಹಕ್ಕೆಂದೇ ಹಲವು ವರ್ಷಗಳ ದುಡಿಮೆ ನಡೆದಿತ್ತು. ಈ ಕೆಲಸದ ಮುಂದಾಳುಗಳಲ್ಲಿ ಒಬ್ಬರಾದ ಪ್ರೊ. ಜಿ. ವೆಂಕಟಸುಬ್ಬಯ್ಯನವರು 2021ರಲ್ಲಿ ತಮ್ಮ 107ನೆಯ ವಯಸ್ಸಿನಲ್ಲಿ ನಿಧನರಾದರು. ಮುಪ್ಪಿನಲ್ಲೂ ಅವರು ಪದಗಳ ಕೆಲಸವನ್ನು ಬಿಟ್ಟಿರಲಿಲ್ಲ.

ಇಂಗ್ಲೆಂಡಿನ ಕಾದಂಬರಿಕಾರ ಆಂಥೊನಿ ಟ್ರಾಲಪ್ ಅಂಚೆ ಇಲಾಖೆಯ ನೌಕರ. ಬೆಳಗ್ಗೆ ಐದೂವರೆಗೆ ಮೇಜಿನ ಮುಂದೆ ಕೂರುತ್ತಿದ್ದ. ಗಡಿಯಾರವನ್ನು ಎದುರಿಗಿಟ್ಟುಕೊಂಡು, ಕಾಲು ಗಂಟೆಗೆ 250 ಪದದಂತೆ ಬರೆದು, ಆಮೇಲೆ ಕಚೇರಿಗೆ ಹೋಗುತ್ತಿದ್ದ. ಹೀಗೆ ಅವನು ಬರೆದ ಕಾದಂಬರಿಗಳ ಸಂಖ್ಯೆ 47.

ಅಷ್ಟು ವೇಗ ನಮಗೆ ಬೇಡ. ನೋಟ್‌ಬುಕ್ಕಿನ ಒಂದು ಪುಟಕ್ಕೆ 150 ಪದ ಎಂದಿಟ್ಟುಕೊಳ್ಳಿ. ವಾರಕ್ಕೆ ಆರು ದಿನದಂತೆ ನಲವತ್ತು ವಾರ ಬರೆದರೆ 240 ಪುಟ, 36 ಸಾವಿರ ಪದ. ಊರ ಚರಿತ್ರೆಗೆ ಇಷ್ಟು ಧಾರಾಳವಾಗಿ ಸಾಕು.

ಇದನ್ನು ಸಾಧಿಸುವ ಬಗೆಯನ್ನು ನೇಕಾರರ ಊರಿನಲ್ಲಿ ನಾನು ಹೇಳಿಕೊಡಬೇಕಾಗಿಲ್ಲ. ನೇಕಾರ ಸ್ಫೂರ್ತಿ ಬರಲೆಂದು ಕಾಯುವುದಿಲ್ಲ, ಹೊತ್ತಿಗೆ ಸರಿಯಾಗಿ ಮಗ್ಗದ ಮುಂದೆ ಕೂರುತ್ತಾನೆ. ನಿಮ್ಮ ಬರವಣಿಗೆಗೂ ಒಂದು ಹೊತ್ತು, ಒಂದು ಜಾಗ ಗೊತ್ತುಮಾಡಿಕೊಳ್ಳಿ. ನಿನ್ನೆ ನೇಯ್ದದ್ದನ್ನು ಅವನು ಇವತ್ತು ಬಿಚ್ಚುತ್ತಾ ಕೂರುವುದಿಲ್ಲ. ನೀವೂ ತಿದ್ದುವ ಕೆಲಸವನ್ನು ಇಡೀ ಪುಸ್ತಕ ಮುಗಿದ ಮೇಲೆ ಇಟ್ಟುಕೊಳ್ಳಿ. ಸಂಜೆ ಅವನು ಎದ್ದಾಗ ಮರುದಿನದ ಹಾಸು ಮಗ್ಗದ ಮೇಲೆ ಸಿದ್ಧವಿರುತ್ತದೆ. ನಾಳೆ ಏನು ಬರೆಯಬೇಕೆಂದು ಒಂದು ಸಾಲು ಗುರುತು ಹಾಕಿಯೇ ನೀವೂ ಏಳಿ. ಜ್ವರವೋ, ಮದುವೆಯೋ ಬಂದು ಒಂದು ದಿನ ತಪ್ಪಿದರೆ ಎರಡು ದಿನದ ಬಾಕಿ ಒಟ್ಟಿಗೆ ತೀರಿಸಲು ಹೋಗಬೇಡಿ. ಮರುದಿನ ಮತ್ತೆ ಒಂದೇ ಪುಟ ಬರೆಯಿರಿ.

ಇಷ್ಟು ಅವಸರ ಏಕೆ ಎನ್ನಬಹುದು. ಬಿ.ಎಲ್. ರೈಸ್ ಅವರ 'ಎಪಿಗ್ರಾಫಿಯಾ ಕರ್ನಾಟಿಕ'ದ ಒಂಬತ್ತನೆಯ ಸಂಪುಟ 1905ರಲ್ಲಿ ಪ್ರಕಟವಾಯಿತು. ಅದು ಅಂದಿನ ಬೆಂಗಳೂರು ಜಿಲ್ಲೆಯ ಶಾಸನಗಳ ಸಂಪುಟ. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲದ ಶಾಸನಗಳು ತಾಲ್ಲೂಕುವಾರು, ಊರಿನ ಹೆಸರಿನೊಡನೆ, ಸಂಖ್ಯೆ ಹಾಕಿ ಅದರಲ್ಲಿ ಅಚ್ಚಾಗಿವೆ. ರೈಸ್ ಮತ್ತು ಅವರ ಜೊತೆಗಿದ್ದ ಪಂಡಿತರು ಹನ್ನೆರಡು ಸಂಪುಟಗಳಲ್ಲಿ ಒಟ್ಟು ಸುಮಾರು ಒಂಬತ್ತು ಸಾವಿರ ಶಾಸನಗಳನ್ನು ಕೊಟ್ಟರು. ಒಂದು ಕಲ್ಲು ಮುಗಿಸಿ ಇನ್ನೊಂದು ಕಲ್ಲು, ಅಷ್ಟೇ. ಮುಂದೆ ಕಲ್ಲು ಒಡೆದು ಹೋದರೂ ಅದರ ಮಾತು ಪುಸ್ತಕದಲ್ಲಿ ಉಳಿಯುವಂತಾಯಿತು.

ಕಲ್ಲಿನಲ್ಲಿ ಬರೆಯದೆ ಬರೀ ನೆನಪಿನಲ್ಲಿ ಇರುವುದರ ಗತಿಯೇನು? 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಆರಂಭವಾದ ಮೇಲೆ ಸುತ್ತಲಿನ ಹೊಲ, ತೋಪು, ದಾರಿಗಳು ಎಷ್ಟು ಬದಲಾದವೆಂದು ನೀವೇ ಕಂಡಿದ್ದೀರಿ. ಯಾವ ಹೊಲಕ್ಕೆ ಯಾವ ಹೆಸರಿತ್ತು, ಯಾವ ಕಾಲುವೆ ಎಲ್ಲಿ ಹರಿಯುತ್ತಿತ್ತು ಎಂದು ಬಲ್ಲ ಹಿರಿಯರು ಒಬ್ಬೊಬ್ಬರಾಗಿ ಕಣ್ಮರೆಯಾಗುತ್ತಿದ್ದಾರೆ. ಅವರನ್ನು ಕೇಳಿ ಬರೆದುಕೊಳ್ಳಲು ಹೊರಗಿನಿಂದ ಯಾರೋ ಬರುತ್ತಾರೆಂದು ಕಾಯುವಂತಿಲ್ಲ.

ಇವತ್ತು ರಾತ್ರಿ ಮಲಗುವ ಮುನ್ನ ನಿಮ್ಮೂರಿನ ಒಂದು ಹೊಲದ ಹೆಸರನ್ನು ಬರೆಯಿರಿ. ಆ ಹೆಸರು ಹೇಗೆ ಬಂತು, ಯಾರ ಬಾಯಿಂದ ಕೇಳಿದಿರಿ ಎಂದು ಅದರ ಕೆಳಗೆ ಬರೆಯಿರಿ. ಪುಟ ತುಂಬಿದರೆ ನಿಲ್ಲಿಸಿ. ನಾಳೆಗೆ ಪಕ್ಕದ ಹೊಲ ಇದ್ದೇ ಇದೆ.