ಬಲಿಷ್ಠ ರಾಜ್ಯಗಳು ಪರರ ಮನೆಗೆ ಬರುವುದೇಕೆ?

ವೃತ್ತಪತ್ರಿಕೆಗಳನ್ನು ಓದುವವರಿಗೆ ಈ ಪ್ರಶ್ನೆ ಹೊಸದಲ್ಲ. ಸಮುದ್ರದಾಚೆಯ ಯಾವುದೋ ದೊಡ್ಡ ರಾಜ್ಯವು ಇನ್ನಾವುದೋ ಸಣ್ಣ ರಾಜ್ಯಕ್ಕೆ ಸೈನ್ಯವನ್ನು ಕಳುಹಿಸುತ್ತದೆ. ಶಾಂತಿಗಾಗಿ, ನ್ಯಾಯಕ್ಕಾಗಿ, ಅಲ್ಲಿಯ ಪ್ರಜೆಗಳ ಹಿತಕ್ಕಾಗಿ ಬಂದೆವೆಂದು ಹೇಳುತ್ತದೆ. ಓದಿದ ನಾವು ಒಂದು ಪಕ್ಷವನ್ನು ಹಿಡಿದು ವಾದಿಸಿ, ಕಾಫಿ ಮುಗಿಯುವುದರೊಳಗೆ ಮರೆತುಬಿಡುತ್ತೇವೆ. ದೂರದ ಸುದ್ದಿಯಲ್ಲಿ ಕಾರಣಗಳು ಸ್ಪಷ್ಟವಾಗಿ ಕಾಣುವುದಿಲ್ಲ. ಆದಕಾರಣ ಈ ವಿಷಯವನ್ನು ನಮ್ಮ ಕನ್ನಡನಾಡಿನಲ್ಲಿಯೇ, ಮಲಪ್ರಭೆಯ ಆಸುಪಾಸಿನ ನಾಲ್ಕು ಊರುಗಳಲ್ಲಿ ನಿಂತು ನೋಡೋಣ. ಕಿತ್ತೂರು, ಬೈಲಹೊಂಗಲ, ಸವದತ್ತಿ, ರಾಮದುರ್ಗ: ಈ ನಾಲ್ಕನ್ನೂ ಒಂದು ದಿನದ ಪ್ರಯಾಣದಲ್ಲಿ ನೋಡಿ ಬರಬಹುದು. ಪ್ರಬಲರು ದುರ್ಬಲರ ವ್ಯವಹಾರದಲ್ಲಿ ಕೈಹಾಕುವ ಬಗೆಗಳೆಲ್ಲವೂ ಈ ಸಣ್ಣ ಸೀಮೆಯಲ್ಲಿ ನಡೆದುಹೋಗಿವೆ.

ಕೈಹಾಕಿದವರು ಇಂಗ್ಲಿಷರೇ ಮೊದಲಿಗರೆಂದು ತಿಳಿಯಬಾರದು. ಸವದತ್ತಿಯಿಂದ ಆಳಿದ ರಟ್ಟರು ರಾಷ್ಟ್ರಕೂಟರಿಗೂ ತರುವಾಯ ಕಲ್ಯಾಣದ ಚಾಲುಕ್ಯರಿಗೂ ಮಾಂಡಲಿಕರಾಗಿದ್ದವರು. ಮೇಲಿನ ಚಕ್ರವರ್ತಿ ಬದಲಾದಾಗ ಕೆಳಗಿನ ಮಾಂಡಲಿಕನೂ ನಿಷ್ಠೆಯನ್ನು ಬದಲಿಸಬೇಕಾಗಿತ್ತು. ಮೈಸೂರು ಸೀಮೆಯವರಾದ ನಾವು ನಮ್ಮ ಕಡೆಯ ಲೆಕ್ಕವನ್ನೂ ಹೇಳಲೇಬೇಕು. 1785ರಲ್ಲಿ ಟೀಪು ಸುಲ್ತಾನನು ನರಗುಂದದ ವೆಂಕಟರಾವ್ ಭಾವೆಯಿಂದ ಹೆಚ್ಚಿನ ಕಪ್ಪವನ್ನು ಕೇಳಿದನು. ವೆಂಕಟರಾಯನು ಪುಣೆಯ ಕಡೆಗೆ ನೋಡಿದನು. ವಾಡಿಕೆಯ ಕಪ್ಪವನ್ನು ಮೀರಿ ಕೇಳತಕ್ಕದ್ದಲ್ಲವೆಂದು ನಾನಾ ಫಡ್ನವೀಸನು ಹೇಳಿ ಕಳುಹಿಸಿದನು. ನನ್ನ ಅಧೀನನಿಂದ ನಾನು ಏನನ್ನು ವಸೂಲು ಮಾಡಿದರೂ ಪರರು ಕೇಳುವ ಹಾಗಿಲ್ಲವೆಂದು ಟೀಪುವಿನ ಉತ್ತರ. ಇಬ್ಬರ ಮಾತಿನಲ್ಲಿಯೂ ಧರ್ಮದ ಸೋಗು ಉಂಟು, ಇಬ್ಬರಿಗೂ ಬೇಕಾಗಿದ್ದದ್ದು ತುಂಗಭದ್ರೆಗೂ ಕೃಷ್ಣೆಗೂ ನಡುವಣ ಭೂಮಿ. ನರಗುಂದವೂ ರಾಮದುರ್ಗವೂ ಮೈಸೂರಿನ ಸೈನ್ಯದ ವಶವಾದವು. ಕಿತ್ತೂರಿಗೂ ಅದೇ ಗತಿಯಾಯಿತು. 1787ರ ಗಜೇಂದ್ರಗಡದ ಒಪ್ಪಂದದವರೆಗೆ ಯುದ್ಧ ನಡೆಯಿತು. ಎರಡು ದೊಡ್ಡ ರಾಜ್ಯಗಳ ನಡುವೆ ಸಿಕ್ಕಿದ ಸಣ್ಣ ಸಂಸ್ಥಾನಕ್ಕೆ ರಕ್ಷಕನು ಯಾರು, ಭಕ್ಷಕನು ಯಾರು ಎಂಬುದು ಋತುವಿಗೊಂದು ಬಗೆಯಾಗಿ ಬದಲಾಗುತ್ತಿತ್ತು. ಕಿತ್ತೂರಿನ ಮಲ್ಲಸರ್ಜ ದೇಸಾಯಿಯು ಟೀಪುವಿನ ಸೆರೆಯನ್ನೂ ಕಂಡನು, ಪೇಶ್ವೆಯ ಸೆರೆಯನ್ನೂ ಕಂಡನು; 1816ರಲ್ಲಿ ತೀರಿಕೊಂಡನು.

1818ರಲ್ಲಿ ಪೇಶ್ವೆಯ ರಾಜ್ಯ ಅಳಿಯಿತು. ಥಾಮಸ್ ಮನ್ರೋ ಬಾದಾಮಿ, ಬೆಳಗಾವಿಗಳ ಕೋಟೆಗಳನ್ನು ಹಿಡಿದನು. ಮಲ್ಲಸರ್ಜನ ಮಗನಾದ ಶಿವಲಿಂಗರುದ್ರಸರ್ಜನು ಬೆಳಗಾವಿಯ ಮುತ್ತಿಗೆಯಲ್ಲಿ ಇಂಗ್ಲಿಷರಿಗೆ ಸಹಾಯ ಮಾಡಿದನು. ಅದಕ್ಕೆ ಪ್ರತಿಯಾಗಿ ಕಿತ್ತೂರು ಅವನಲ್ಲಿಯೇ ಉಳಿಯುವಂತೆ ಸನದು ದೊರೆಯಿತು. ವರ್ಷಕ್ಕೆ 1,75,000 ರೂಪಾಯಿ ಕುಂಪಣಿಗೆ ಸಲ್ಲಿಸಬೇಕೆಂದು ಗೊತ್ತಾಯಿತು. ಅವನು ಮಾಡಿದ್ದು ತಪ್ಪೆಂದು ಇಂದು ಹೇಳುವುದು ಸುಲಭ. ತಂದೆಯನ್ನು ಸೆರೆಯಲ್ಲಿಟ್ಟ ಪೇಶ್ವೆಯ ಶತ್ರುವಿಗೆ ಮಗನು ನೆರವಾಗಿದ್ದರಲ್ಲಿ ಆಶ್ಚರ್ಯವೇನು? ಬಲಿಷ್ಠರು ಬಹುಮಟ್ಟಿಗೆ ಬಾಗಿಲು ಮುರಿದು ಬರುವುದಿಲ್ಲ, ಕರೆಸಿಕೊಂಡೇ ಬರುತ್ತಾರೆ. ಬಂದವರನ್ನು ಕಳುಹಿಸುವುದು ಬೇರೆಯ ಮಾತು.

ಶಿವಲಿಂಗರುದ್ರಸರ್ಜನಿಗೆ ಮಕ್ಕಳಿರಲಿಲ್ಲ. 1824ರ ಸೆಪ್ಟೆಂಬರಿನಲ್ಲಿ ಅವನು ಕಾಲವಾದನು. ಮಸ್ತಮರಡಿಯ ಗೌಡರ ಮನೆಯ ಶಿವಲಿಂಗಪ್ಪನೆಂಬ ಹುಡುಗನನ್ನು ದತ್ತಕಕ್ಕೆ ತೆಗೆದುಕೊಂಡಿರುವುದಾಗಿ ಧಾರವಾಡಕ್ಕೆ ಕಾಗದ ಹೋಯಿತು. ಅಲ್ಲಿದ್ದ ಪ್ರಧಾನ ಕಲೆಕ್ಟರೂ ರಾಜಕೀಯ ಪ್ರತಿನಿಧಿಯೂ ಆದವನು ಸೇಂಟ್ ಜಾನ್ ಥ್ಯಾಕರೆ, ಪ್ರಸಿದ್ಧ ಕಾದಂಬರಿಕಾರ ಥ್ಯಾಕರೆಗೆ ಚಿಕ್ಕಪ್ಪ. ಕಾಗದದ ರುಜು ದೇಸಾಯಿಯ ಕೈಯದಲ್ಲವೆಂದೂ, ಅವನು ಸತ್ತ ಮೇಲೆ ಬರೆದದ್ದಿರಬಹುದೆಂದೂ ಅವನಿಗೆ ಸಂಶಯ ಬಂತು. ದತ್ತಕವನ್ನು ಒಪ್ಪಲಿಲ್ಲ. ಕಿತ್ತೂರಿಗೆ ಬಂದು ಖಜಾನೆಗೆ ಮುದ್ರೆ ಹಾಕಿಸಿದನು. ಸಂಸ್ಥಾನದ ನೌಕರರಾಗಿದ್ದ ಮಲ್ಲಪ್ಪಶೆಟ್ಟಿ, ಹಾವೇರಿಯ ವೆಂಕಟರಾವ್ ಎಂಬಿಬ್ಬರನ್ನು ಆಡಳಿತಕ್ಕೆ ನೇಮಿಸಿದನು. ಮಲ್ಲಸರ್ಜನ ವಿಧವೆಯಾದ ರಾಣಿ ಚೆನ್ನಮ್ಮನ ಮಾತಿಗೆ ಬೆಲೆ ಬರಲಿಲ್ಲ.

ಇಲ್ಲಿ ಸ್ವಲ್ಪ ನಿಲ್ಲೋಣ. ಒಂದು ಮನೆಯವರು ಒಬ್ಬ ಹುಡುಗನನ್ನು ದತ್ತು ತೆಗೆದುಕೊಂಡರೆ ಸಾವಿರಾರು ಮೈಲಿ ದೂರದಿಂದ ಬಂದ ವ್ಯಾಪಾರದ ಮಂಡಲಿಗೆ ಏನು ಕಷ್ಟ? ನಮ್ಮ ಶಾಸ್ತ್ರದಲ್ಲಿ ದತ್ತಕನು ಔರಸನ ಸ್ಥಾನದಲ್ಲಿ ನಿಲ್ಲುತ್ತಾನೆ. ಅದು ಕುಲದ ಮಾತು, ಪಿಂಡೋದಕದ ಮಾತು. ಥ್ಯಾಕರೆಯು ಅದನ್ನು ಸನದಿನ ಮಾತನ್ನಾಗಿ ಮಾಡಿದನು: ಕೊಟ್ಟವರು ನಾವು, ಕೊಟ್ಟದ್ದನ್ನು ಪಡೆದವನ ವಂಶ ನಿಂತರೆ ಅದು ನಮಗೆ ತಿರುಗಿ ಬರತಕ್ಕದ್ದು. ಈ ವಾದಕ್ಕೆ ಬಲ ಬಂದದ್ದು ಶಾಸ್ತ್ರದಿಂದಲ್ಲ, ಖಜಾನೆಯಿಂದ. ಕಿತ್ತೂರು ಬಿದ್ದ ಮೇಲೆ ದೊರೆತ ನಗದು ಸುಮಾರು 16 ಲಕ್ಷ ರೂಪಾಯಿ, ಒಡವೆಗಳ ಬೆಲೆ ಸುಮಾರು 4 ಲಕ್ಷವೆಂದು ಮುಂಬಯಿಯ ಗೆಝೆಟಿಯರು ಬರೆಯುತ್ತದೆ. ವಾರ್ಷಿಕ ಕಪ್ಪದ ಹತ್ತು ವರ್ಷದ ಮೊತ್ತಕ್ಕಿಂತ ಹೆಚ್ಚು! ಇಷ್ಟು ಹಣವಿದ್ದ ಮನೆಯಲ್ಲಿ ರುಜುವಿನ ಮೇಲೆ ಸಂಶಯ ಬೇಗ ಹುಟ್ಟುತ್ತದೆ. 1914ರ ಡಿಸೆಂಬರಿನಲ್ಲಿ ಅಮೆರಿಕದ ನಾವಿಕ ಭಟರು ಹೈಟಿ ದ್ವೀಪರಾಜ್ಯದ ಬ್ಯಾಂಕಿನಿಂದ ಐದು ಲಕ್ಷ ಡಾಲರಿನ ಚಿನ್ನವನ್ನು ಯುದ್ಧನೌಕೆಯಲ್ಲಿ ನ್ಯೂಯಾರ್ಕಿಗೆ ಸಾಗಿಸಿದರು. ಮುಂದಿನ ವರ್ಷವೇ ದ್ವೀಪಕ್ಕೆ ಸೈನ್ಯ ಇಳಿದು 1934ರವರೆಗೆ ಅಲ್ಲಿಯೇ ಇದ್ದಿತು. ಸಾಲ ತೀರಿಸಲಾರದ ಈಜಿಪ್ಟಿಗೆ 1882ರಲ್ಲಿ ಇಂಗ್ಲಿಷರು ತಾತ್ಕಾಲಿಕವಾಗಿ ಬಂದೆವೆಂದರು. ಅವರ ಕೊನೆಯ ದಂಡು ಹೊರಟದ್ದು 1956ರಲ್ಲಿ.

ಹಣವೊಂದೇ ಎಂದರೆ ಅರ್ಧ ಸತ್ಯವಾದೀತು. ಕಿತ್ತೂರಿನಲ್ಲಿ ನಮಗೆ ಹೆಚ್ಚಾಗಿ ಕಾಣುವುದು ಸ್ಥಳದಲ್ಲಿದ್ದ ಅಧಿಕಾರಿಯ ಆತುರ. ಮುಂಬಯಿಯಲ್ಲಿ ಗವರ್ನರು ಎಲ್ಫಿನ್‌ಸ್ಟನ್, ಪುಣೆಯಲ್ಲಿ ಕಮಿಷನರು ಚಾಪ್ಲಿನ್. ಕಾಗದ ಹೋಗಿ ಉತ್ತರ ಬರಲು ದಿನಗಳು ಬೇಕು. ಅಷ್ಟರೊಳಗೆ ಧಾರವಾಡದ ಅಧಿಕಾರಿಯು ಮಾಡಿದ್ದು ಸರಕಾರವು ಮಾಡಿದ್ದಾಗುತ್ತದೆ. ಆಮೇಲೆ ಸರಕಾರ ಒಪ್ಪದಿದ್ದರೆ ಮರ್ಯಾದೆ ಹೋಗುತ್ತದೆ. ಅಕ್ಟೋಬರ್ 23ರಂದು ಥ್ಯಾಕರೆಯು ಕೋಟೆಯ ಬಾಗಿಲನ್ನು ತೆರೆಯಿರಿ, ಇಲ್ಲವಾದರೆ ಫಿರಂಗಿಯಿಂದ ಒಡೆಯುವೆನೆಂದನು. ಬಾಗಿಲು ತೆರೆಯಿತು; ಆದರೆ ಒಳಗಿಂದ ಹೊರಬಿದ್ದದ್ದು ಕಿತ್ತೂರಿನ ದಂಡು. ಥ್ಯಾಕರೆ ಸತ್ತನು. ಅಮಟೂರು ಬಾಳಪ್ಪನ ಗುಂಡಿನಿಂದ ಸತ್ತನೆಂದು ಆ ಸೀಮೆಯ ಲಾವಣಿಗಳು ಹೇಳುತ್ತವೆ. ಅವನ ಸಹಾಯಕರಾದ ಸ್ಟೀವನ್‌ಸನ್, ವಾಲ್ಟರ್ ಎಲಿಯಟ್ ಎಂಬಿಬ್ಬರು ಸೆರೆ ಸಿಕ್ಕಿದರು. ಈ ಎಲಿಯಟ್ಟನೇ ಮುಂದೆ ಕನ್ನಡನಾಡಿನ ನೂರಾರು ಶಾಸನಗಳನ್ನು ಪ್ರತಿ ಮಾಡಿಸಿ ನಮ್ಮ ಇತಿಹಾಸಕಾರರಿಗೆ ಉಪಕಾರ ಮಾಡಿದವನು. ಚೆನ್ನಮ್ಮನ ಸೆರೆಯಲ್ಲಿ ಅವನ ಜೀವಕ್ಕೆ ಅಪಾಯವಾಗಲಿಲ್ಲವೆಂಬುದು ಕನ್ನಡಿಗರ ಭಾಗ್ಯವೆಂದೇ ಹೇಳಬೇಕು.

ಅಂದಿನಿಂದ ದತ್ತಕದ ಪ್ರಶ್ನೆ ಹಿಂದೆ ಬಿತ್ತು. ಒಬ್ಬ ಕಲೆಕ್ಟರನ್ನು ಒಂದು ದೇಸಗತಿಯವರು ಕೊಂದು ಬದುಕಿದರೆಂಬ ಸುದ್ದಿ ಉಳಿಯಬಾರದು. ಇದೇ ಈಗಿನ ಪ್ರಶ್ನೆ. ಕುಂಪಣಿಗೆ ಅದು ಕೆಟ್ಟ ವರ್ಷ. ಬರ್ಮಾ ದೇಶದಲ್ಲಿ ಯುದ್ಧ ನಡೆಯುತ್ತಿತ್ತು. ನವೆಂಬರಿನಲ್ಲಿ ಬಾರಕ್‌ಪುರದ ಸಿಪಾಯಿಗಳು ತಿರುಗಿಬಿದ್ದರು. ಪೇಶ್ವೆಯ ಹಳೆಯ ಸರದಾರರು ದಕ್ಷಿಣ ಮಹಾರಾಷ್ಟ್ರದ ತುಂಬ ಕಾದು ನೋಡುತ್ತಿದ್ದರು. ಹೀಗಿರಲು ಬಲಿಷ್ಠನು ಹೆದರುತ್ತಾನೆ, ಹೆದರಿದ ಬಲಿಷ್ಠನು ಹೆದರದವನಿಗಿಂತ ಕ್ರೂರನಾಗುತ್ತಾನೆ. ಮದರಾಸು, ಮುಂಬಯಿಗಳ ಸೈನ್ಯಗಳು ಸೇರಿ ಡಿಸೆಂಬರಿನ ಮೊದಲ ವಾರದಲ್ಲಿ ಕೋಟೆಯನ್ನು ಮುತ್ತಿದವು. ಸೆರೆಯಾಳುಗಳನ್ನು ಚೆನ್ನಮ್ಮ ಆಗಲೇ ಬಿಟ್ಟುಕೊಟ್ಟಿದ್ದಳು, ಅದರಿಂದ ಪ್ರಯೋಜನವಾಗಲಿಲ್ಲ. 5ನೆಯ ತಾರೀಖು ಕೋಟೆ ಬಿತ್ತು. ಮನ್ರೋ ಸಾಹೇಬನ ಸಂಬಂಧಿ, ಸೊಲ್ಲಾಪುರದ ಸಬ್‌ಕಲೆಕ್ಟರು, ಆ ಮುತ್ತಿಗೆಯಲ್ಲಿ ಗಾಯಗೊಂಡು ಸತ್ತನು. ತಾನು ಸನದು ಕೊಟ್ಟ ಸಂಸ್ಥಾನವು ಆರು ವರ್ಷದೊಳಗೆ ತನ್ನ ಮನೆಯ ಹುಡುಗನನ್ನೇ ಬಲಿ ತೆಗೆದುಕೊಂಡದ್ದನ್ನು ಮನ್ರೋ ಮದರಾಸಿನ ಗವರ್ನರಾಗಿದ್ದುಕೊಂಡು ಕೇಳಬೇಕಾಯಿತು.

ಚೆನ್ನಮ್ಮನನ್ನು ಬೈಲಹೊಂಗಲದಲ್ಲಿ ಸೆರೆಯಿಟ್ಟರು. 1829ರ ಫೆಬ್ರವರಿಯಲ್ಲಿ ಅಲ್ಲಿಯೇ ತೀರಿಕೊಂಡಳು. ಸಮಾಧಿಯೂ ಆ ಊರಿನಲ್ಲಿಯೇ ಇದೆ. ಅದೇ ವರ್ಷ ಸಂಗೊಳ್ಳಿಯ ರಾಯಣ್ಣನು ಎದ್ದನು. ಅವನು ಸಂಸ್ಥಾನದ ಸೇತಸನದಿ. ಹೊಸ ಕಂದಾಯದ ಲೆಕ್ಕದಿಂದ ಚಾಕರಿಯ ಭೂಮಿಗಳಿಗೆ ಕುತ್ತು ಬಂದವರು ಅವನ ಹಿಂದೆ ನಿಂತರು. ಅವರು ಮುಂದಿಟ್ಟುಕೊಂಡದ್ದು ಆ ದತ್ತಕ ಹುಡುಗ ಶಿವಲಿಂಗಪ್ಪನನ್ನೇ. ರಾಯಣ್ಣನ ಜನ ಸುಟ್ಟದ್ದು ಬೀಡಿ, ನಂದಗಡಗಳ ಕಚೇರಿಗಳನ್ನು ಎಂಬುದನ್ನು ಗಮನಿಸಬೇಕು. ದಂಡು ಬಂದು ಹೋಗುವುದನ್ನು ರೈತನು ಸಹಿಸಿಯಾನು. ದಂಡಿನ ಹಿಂದೆ ಬರುವ ದಫ್ತರವನ್ನು ಸಹಿಸುವುದು ಅವನಿಗೆ ಕಷ್ಟ. 1831ರ ಜನವರಿ 26ರಂದು ನಂದಗಡದಲ್ಲಿ ರಾಯಣ್ಣನನ್ನು ಗಲ್ಲಿಗೇರಿಸಿದರು.

ಇಷ್ಟೆಲ್ಲ ನಡೆದಾಗ ದತ್ತಕವನ್ನು ನಿರಾಕರಿಸುವ ನಿಯಮವೆಂಬುದು ಸರಿಯಾಗಿ ಹುಟ್ಟಿರಲೇ ಇಲ್ಲ. ದತ್ತಕಕ್ಕೆ ಒಪ್ಪಿಗೆ ಕೊಡುವುದು ಅನುಗ್ರಹವೇ ಹೊರತು ವಾಡಿಕೆಯಲ್ಲವೆಂದು ಲಂಡನ್ನಿನ ನಿರ್ದೇಶಕರು ಬರೆದದ್ದು 1834ರಲ್ಲಿ. ಡಾಲ್‌ಹೌಸಿಯು ಸಾತಾರೆ, ನಾಗಪುರ, ಝಾನ್ಸಿಗಳನ್ನು ನುಂಗಿದ್ದು 1848ರಿಂದ ಈಚೆಗೆ. ಮೊದಲು ಕೃತ್ಯ, ಆಮೇಲೆ ಅದಕ್ಕೊಂದು ಸೂತ್ರ. 1823ರಲ್ಲಿ ಅಮೆರಿಕದ ಅಧ್ಯಕ್ಷ ಮನ್ರೋ (ನಮ್ಮ ಮನ್ರೋ ಅಲ್ಲ, ಹೆಸರು ಮಾತ್ರ ಒಂದೇ) ಯೂರೋಪಿನವರು ತಮ್ಮ ಖಂಡದಲ್ಲಿ ಕೈಹಾಕಬಾರದೆಂದು ಸಾರಿದನು. 1904ರಲ್ಲಿ ಥಿಯೋಡರ್ ರೂಸ್‌ವೆಲ್ಟನು ಅದನ್ನೇ ತಿರುಗಿಸಿ, ನೆರೆಯವರು ಸರಿಯಾಗಿ ನಡೆಯದಿದ್ದರೆ ತಾವು ಕೈಹಾಕಬಹುದೆಂದು ಅರ್ಥ ಮಾಡಿದನು. 1968ರಲ್ಲಿ ರಷ್ಯದ ಟ್ಯಾಂಕುಗಳು ಪ್ರಾಗ್ ನಗರಕ್ಕೆ ಹೋದ ತರುವಾಯವೇ ಬ್ರೆಜ್ನೆವ್ ಸಿದ್ಧಾಂತವೆಂಬ ಹೆಸರು ಲೋಕಕ್ಕೆ ತಿಳಿಯಿತು.

ರಕ್ಷಣೆಯೆಂಬ ಮಾತಿನಲ್ಲಿಯೇ ಇನ್ನೊಂದು ತೊಡಕುಂಟು. ಅದನ್ನು ಸ್ಪಷ್ಟವಾಗಿ ಕಂಡವನು ಥಾಮಸ್ ಮನ್ರೋ. 1817ರ ಆಗಸ್ಟಿನಲ್ಲಿ ಗವರ್ನರ್ ಜನರಲನಿಗೆ ಬರೆದ ಕಾಗದದಲ್ಲಿ, ನಮ್ಮ ಸೈನ್ಯದ ಆಶ್ರಯ ದೊರೆತ ರಾಜ್ಯದಲ್ಲಿ ದೊರೆಯು ದುರ್ಬಲನೂ ಪ್ರಜಾಪೀಡಕನೂ ಆಗುವನೆಂದು ಎಚ್ಚರಿಸಿದ್ದಾನೆ. ಹೊರಗಿನ ಶತ್ರುವಿನ ಭಯವಿಲ್ಲ, ಒಳಗಿನ ಪ್ರಜೆಗಳ ಭಯವಿಲ್ಲ. ಇನ್ನು ಚೆನ್ನಾಗಿ ಆಳುವುದೇಕೆ? ಆಳ್ವಿಕೆ ಕೆಟ್ಟಾಗ ಅದೇ ರಕ್ಷಕನು ದುರಾಡಳಿತವನ್ನು ತೋರಿಸಿ ಒಳಗೆ ಬರುತ್ತಾನೆ. ಬೇಲಿಯೇ ಎದ್ದು ಹೊಲ ಮೇಯ್ದಂತೆ ಎಂಬ ಗಾದೆ ಇದಕ್ಕೆ ಪೂರ್ತಿ ಒಪ್ಪುವುದಿಲ್ಲ. ಇಲ್ಲಿ ಬೇಲಿಯು ಮೊದಲು ಹೊಲದವನನ್ನು ಸೋಮಾರಿಯಾಗಿ ಮಾಡಿ, ಬಳಿಕ ಪೈರು ಒಣಗಿತೆಂದು ದೂರು ಹೇಳುತ್ತದೆ. ಮೈಸೂರಿನ ನಮಗೆ ಇದನ್ನು ವಿಸ್ತರಿಸಿ ಹೇಳಬೇಕಾಗಿಲ್ಲ. ನಗರದ ದಂಗೆಯ ನಂತರ 1831ರಲ್ಲಿ ಬೆಂಟಿಂಕನು ಮುಮ್ಮಡಿ ಕೃಷ್ಣರಾಜ ಒಡೆಯರಿಂದ ಆಡಳಿತವನ್ನು ತೆಗೆದುಕೊಂಡನು. ಆಧಾರವಾಗಿ ತೋರಿಸಿದ್ದು 1799ರ ಒಪ್ಪಂದವನ್ನು. ಮಹಾರಾಜರು 1865ರಲ್ಲಿ ಮಾಡಿಕೊಂಡ ದತ್ತಕವನ್ನೂ ಮೊದಲು ಒಪ್ಪದೆ, 1867ರಲ್ಲಿ ಒಪ್ಪಿದರು. ರಾಜ್ಯವು ಚಾಮರಾಜೇಂದ್ರ ಒಡೆಯರ ಕೈಗೆ ಬಂದದ್ದು 1881ರಲ್ಲಿ: ಐವತ್ತು ವರ್ಷ! ಕಿತ್ತೂರಿಗೆ ಸಿಗದದ್ದು ಮೈಸೂರಿಗೆ ಸಿಕ್ಕಿತು. ಮೈಸೂರಿನ ಪರವಾಗಿ ಲಂಡನ್ನಿನಲ್ಲಿ ವಾದಿಸುವವರಿದ್ದರು. ಅಲ್ಲದೆ ನಡುವೆ 1857 ಕಳೆದಿತ್ತು.

ಹಾಗಾದರೆ ಪರರ ವ್ಯವಹಾರದಲ್ಲಿ ಕೈಹಾಕುವುದು ಯಾವಾಗಲೂ ಪಾಪವೇ? ಹಾಗೆ ಹೇಳಲು ನಮಗೆ ಧೈರ್ಯವಿಲ್ಲ. 1971ರಲ್ಲಿ ಪೂರ್ವ ಬಂಗಾಳದಿಂದ ಸುಮಾರು ಒಂದು ಕೋಟಿ ಜನ ನಿರಾಶ್ರಿತರಾಗಿ ಭಾರತಕ್ಕೆ ಬಂದರು. ಭಾರತದ ಸೈನ್ಯವು ಅಲ್ಲಿಗೆ ಹೋಗಿ, ಬಾಂಗ್ಲಾದೇಶವಾದ ಮೇಲೆ ಮರುವರ್ಷ ಹಿಂದಿರುಗಿತು. 1979ರಲ್ಲಿ ವಿಯೆಟ್ನಾಮಿನ ಸೈನ್ಯವು ಕಾಂಬೋಡಿಯದ ಘೋರ ನರಮೇಧವನ್ನು ನಿಲ್ಲಿಸಿತು. ಆದರೆ ಹತ್ತು ವರ್ಷ ಅಲ್ಲಿಯೇ ನಿಂತಿತು. 2003ರಲ್ಲಿ ಭಯಂಕರ ಆಯುಧಗಳಿವೆಯೆಂದು ಇರಾಕಿಗೆ ಹೋದವರಿಗೆ ಆ ಆಯುಧಗಳು ದೊರೆಯಲಿಲ್ಲ. 1945ರ ಸಂಯುಕ್ತ ರಾಷ್ಟ್ರಗಳ ಸನ್ನದು ಒಂದು ರಾಷ್ಟ್ರ ಇನ್ನೊಂದರ ಮೇಲೆ ಬಲಪ್ರಯೋಗ ಮಾಡಬಾರದೆನ್ನುತ್ತದೆ. ಅದನ್ನು ನೋಡಿಕೊಳ್ಳತಕ್ಕ ಸಭೆಯಲ್ಲಿ ಐದು ಬಲಿಷ್ಠರಿಗೆ ನಿಷೇಧದ ಅಧಿಕಾರವೂ ಇದೆ. ಬಂದವರು ಏನನ್ನು ಹೇಳುತ್ತ ಬಂದರೆಂಬುದಕ್ಕಿಂತ ಯಾವಾಗ ಹೊರಟರು, ಖಜಾನೆಯ ಬೀಗದ ಕೈ ಯಾರಲ್ಲಿ ಉಳಿಯಿತು ಎಂಬುದನ್ನು ನಾವು ಕೇಳಿ ನೋಡುತ್ತೇವೆ.

ಕೊನೆಗೆ ರಾಮದುರ್ಗದ ಮಾತು. ನರಗುಂದದ ಭಾಸ್ಕರರಾವ್ ಭಾವೆಗೂ ಮಗನಿರಲಿಲ್ಲ. ಅವನಿಗೂ ದತ್ತಕದ ಅನುಮತಿ ಸಿಗಲಿಲ್ಲ. 1858ರ ಮೇ 29ರ ರಾತ್ರಿ ಅವನ ಜನ ರಾಮದುರ್ಗದ ಸಮೀಪದ ಸುರೇಬಾನದಲ್ಲಿ ರಾಜಕೀಯ ಪ್ರತಿನಿಧಿ ಮ್ಯಾನ್‌ಸನ್ನನನ್ನು ಕೊಂದು, ತಲೆಯನ್ನು ನರಗುಂದದ ಬಾಗಿಲಿಗೆ ಕಟ್ಟಿದರು. ನರಗುಂದದ ಕಡೆಗೆ ಹೋಗಬೇಡವೆಂದು ಮ್ಯಾನ್‌ಸನ್ನನಿಗೆ ಎಚ್ಚರಿಕೆ ಕೊಟ್ಟವನು ರಾಮದುರ್ಗದ ಅರಸ, ಭಾಸ್ಕರರಾಯನಿಗೆ ಮಲಸಹೋದರ. ಜೂನ್ 12ರಂದು ಬೆಳಗಾವಿಯಲ್ಲಿ ಭಾಸ್ಕರರಾಯನನ್ನು ಗಲ್ಲಿಗೇರಿಸಿದರು. ನರಗುಂದ ಕುಂಪಣಿಯ ವಶವಾಯಿತು. ಒಬ್ಬ ಅಣ್ಣತಮ್ಮನು ಗಲ್ಲಿಗೂ ಇನ್ನೊಬ್ಬನು ಗಾದಿಗೂ ಏರಿದ್ದನ್ನು ಕೇಳಿ ನಾವು ತಟ್ಟನೆ ತೀರ್ಪು ಕೊಡಬಾರದು. ರಾಮದುರ್ಗದವನ ಎದುರಿಗೆ ಕಿತ್ತೂರಿನ ಹಾಳು ಗೋಡೆಗಳಿದ್ದವು. ಅದೇ ದಂಗೆಯಿಂದ ಪಾಠ ಕಲಿತ ಕ್ಯಾನಿಂಗನ ಸರಕಾರವು ತರುವಾಯ ದೇಶೀಯ ಅರಸರಿಗೆ ದತ್ತಕದ ಸನದುಗಳನ್ನು ಹಂಚಿತು. ಚೆನ್ನಮ್ಮನೂ ಭಾಸ್ಕರರಾಯನೂ ಕೇಳಿ ಪಡೆಯದ ಆ ಕಾಗದವು ರಾಮದುರ್ಗಕ್ಕೆ ಬಂದಿತು. ಅದನ್ನಿಟ್ಟುಕೊಂಡು ಆ ಪುಟ್ಟ ಸಂಸ್ಥಾನವು 1948ರ ಮಾರ್ಚ್ 8ರಂದು ಮುಂಬಯಿ ಪ್ರಾಂತದಲ್ಲಿ ಸೇರುವವರೆಗೆ ಬಾಳಿತು.