ಸದ್ದಿಲ್ಲದ ಜಾಗ ಹುಡುಕಿ ಧ್ರುವದತ್ತ

ಮಡಿಕೇರಿ ಆಕಾಶವಾಣಿ ಬಿತ್ತರಿಸುವುದು 103.1 ಮೆಗಾಹರ್ಟ್ಸ್‌ನಲ್ಲಿ. ನನ್ನ ಮಾತು ನಿಮ್ಮ ಮನೆಗೆ, ತೋಟದ ಲೈನ್‌ಮನೆಗೆ, ಜೀಪಿನೊಳಕ್ಕೆ ಬರುತ್ತಿರುವುದು ಅದೇ ಅಲೆಯಲ್ಲಿ. ಇಂಥ ಅಲೆಗಳ ಕಾಟ ಎಲ್ಲಿ ಕಡಿಮೆ ಇದ್ದೀತು ಎಂದು ನೋಡಿಬರಲು ಬೆಂಗಳೂರಿನ ಎಂಜಿನಿಯರೊಬ್ಬರು 2023ರ ಡಿಸೆಂಬರಿನಲ್ಲಿ ಉತ್ತರ ಧ್ರುವದ ದಿಕ್ಕಿಗೆ ಹೊರಟರು. ಅವರ ಹೆಸರು ಬಿ.ಎಸ್. ಗಿರೀಶ್. ಸರ್ ಸಿ.ವಿ. ರಾಮನ್ ಕಟ್ಟಿದ ರಾಮನ್ ಸಂಶೋಧನಾ ಸಂಸ್ಥೆಯವರು. ಆರ್ಕ್‌ಟಿಕ್ ಪ್ರದೇಶಕ್ಕೆ ಭಾರತ ಕಳಿಸಿದ ಮೊಟ್ಟಮೊದಲ ಚಳಿಗಾಲದ ತಂಡದ ನಾಲ್ವರಲ್ಲಿ ಅವರೊಬ್ಬರು.

ಧ್ರುವ ಯಾತ್ರಿಕ ಅಂದ ಕೂಡಲೇ ನಮಗೆ ನೆನಪಾಗುವವರು ಅಮುಂಡ್‌ಸೆನ್, ಸ್ಕಾಟ್. ಗಡ್ಡದಲ್ಲಿ ಹಿಮ, ಮುಂದೆ ನಾಯಿಬಂಡಿ, ಕೊನೆಗೊಂದು ಬಾವುಟ. ಆ ಮಾದರಿಯ ಸಾಹಸ ಈಗಲೂ ನಿಂತಿಲ್ಲ. ನಮ್ಮವರೇ ಆದ ರೀನಾ ಕೌಶಲ್ ಧರ್ಮಶಕ್ತು ಕಾಮನ್‌ವೆಲ್ತ್ ದೇಶಗಳ ಮಹಿಳೆಯರ ತಂಡದೊಂದಿಗೆ ಹಿಮಜಾರು ಪಟ್ಟಿ ಕಟ್ಟಿಕೊಂಡು 900 ಕಿಲೋಮೀಟರ್ ದೂರ ಸಾಗಿ, 2009ರ ಡಿಸೆಂಬರ್ ಕೊನೆಯಲ್ಲಿ ದಕ್ಷಿಣ ಧ್ರುವ ಮುಟ್ಟಿದರು. ಆ ಹಾದಿಯಲ್ಲಿ ಅಲ್ಲಿಗೆ ಹೋದ ಮೊದಲ ಭಾರತೀಯ ಮಹಿಳೆ ಅವರು. ಅದು ದೊಡ್ಡ ಮಾತೇ. ಆದರೂ ಇವತ್ತು ಗಿರೀಶರ ಪ್ರವಾಸವನ್ನೇ ಆರಿಸಿಕೊಂಡಿದ್ದೇನೆ. ಇವರು ಹೋದದ್ದು ಧ್ರುವ ಮುಟ್ಟುವುದಕ್ಕಲ್ಲ, ಅಳೆಯುವುದಕ್ಕೆ. ಇಂದಿನ ಧ್ರುವ ಯಾತ್ರಿಕರಲ್ಲಿ ಹೆಚ್ಚಿನವರು ಈ ಜಾತಿಯವರೇ.

ಅಳೆಯುವುದಾದರೂ ಏನನ್ನು? ಸ್ವಲ್ಪ ಹಿಂದಕ್ಕೆ ಹೋಗಬೇಕು. ಸ್ವಲ್ಪ ಅಂದರೆ ಸಾವಿರದ ಮುನ್ನೂರು ಕೋಟಿ ವರ್ಷಕ್ಕೂ ಹಿಂದಕ್ಕೆ.

ಆಗ ವಿಶ್ವದಲ್ಲಿ ಒಂದೂ ನಕ್ಷತ್ರವಿರಲಿಲ್ಲ. ಇದ್ದದ್ದು ಬಹುಪಾಲು ಜಲಜನಕದ ಅನಿಲ, ಮತ್ತೆ ಕತ್ತಲೆ. ಮೆಲ್ಲಗೆ ಮೊದಲ ನಕ್ಷತ್ರಗಳು ಹೊತ್ತಿಕೊಂಡವು. ಆ ಹೊತ್ತಿಗೆ ವಿಜ್ಞಾನಿಗಳು ಇಟ್ಟಿರುವ ಹೆಸರು ವಿಶ್ವದ ಅರುಣೋದಯ. ಜಲಜನಕದ ಪರಮಾಣುವಿಗೆ ಒಂದು ಗುಣವಿದೆ. ಅದು 21 ಸೆಂಟಿಮೀಟರ್ ಉದ್ದದ, ಅಂದರೆ 1420 ಮೆಗಾಹರ್ಟ್ಸ್‌ನ ರೇಡಿಯೊ ಅಲೆಯನ್ನು ಹೊರಸೂಸುತ್ತದೆ, ಹೀರಿಕೊಳ್ಳುತ್ತದೆ. ಆ ಕಾಲದಲ್ಲಿ ಹೊರಟ ಅಲೆ ಇನ್ನೂ ದಾರಿಯಲ್ಲಿದೆ. ವಿಶ್ವ ಹಿಗ್ಗುತ್ತಿರುವುದರಿಂದ ಅಲೆಯೂ ಹಿಗ್ಗಿದೆ. ಹಿಗ್ಗಿ ಹಿಗ್ಗಿ ಈಗ ಕೆಲವು ಮೀಟರ್ ಉದ್ದವಾಗಿ, ನಮ್ಮ ಎಫ್‌ಎಂ ರೇಡಿಯೊ ಕೇಳಿಬರುವ ಜಾಗಕ್ಕೇ ಬಂದು ಕೂತಿದೆ. ಲೆಕ್ಕ ಹಾಕಿ ನೋಡಿದರೆ, ಈಗ ನೀವು ಟ್ಯೂನ್ ಮಾಡಿಟ್ಟಿರುವ 103.1ರಲ್ಲಿ ಬಂದು ಸೇರುವುದು ವಿಶ್ವಕ್ಕೆ ಸುಮಾರು 34 ಕೋಟಿ ವರ್ಷ ವಯಸ್ಸಾಗಿದ್ದಾಗ ಹೊರಟ ಅಲೆ. ಆಗ 1420 ಇದ್ದದ್ದು ಹದಿನಾಲ್ಕು ಪಾಲಿನಲ್ಲಿ ಒಂದು ಪಾಲಾಗಿ ಇಳಿದಿದೆ.

ಹಾಗಾದರೆ ರೇಡಿಯೊ ತಿರುಗಿಸಿ ಕೇಳಬಹುದಲ್ಲ? ಆಗುವುದಿಲ್ಲ. ನಮ್ಮ ಆಕಾಶಗಂಗೆಯೇ ಹೊರಡಿಸುವ ಗದ್ದಲ ಆ ಸಂಕೇತಕ್ಕಿಂತ ಹತ್ತಾರು ಸಾವಿರ ಪಟ್ಟು ಜೋರು. ಕಕ್ಕಡ ತಿಂಗಳ ಮಳೆ ತಗಡಿನ ಮಾಡಿನ ಮೇಲೆ ಬಡಿಯುತ್ತಿರುವಾಗ ಆಚೆ ಬೆಟ್ಟದಲ್ಲಿ ಯಾರೋ ಬಾರಿಸುವ ದುಡಿಯ ಸದ್ದಿಗೆ ಕಿವಿಗೊಟ್ಟ ಹಾಗೆ. ಅದರ ಮೇಲೆ ಮನುಷ್ಯರ ಎಫ್‌ಎಂ ಕೇಂದ್ರಗಳು ಬೇರೆ. ಬೆಟ್ಟದ ಮರೆಗೆ ಹೋದರೆ ತಪ್ಪಿಸಿಕೊಳ್ಳಬಹುದೇ ಎಂದರೆ ಅದೂ ಪೂರ್ತಿ ಸಾಧ್ಯವಿಲ್ಲ. ಎಫ್‌ಎಂ ಅಲೆ ವಿಮಾನಕ್ಕೆ ತಾಗಿ, ಉರಿದುಹೋಗುವ ಉಲ್ಕೆಯ ಜಾಡಿಗೆ ತಾಗಿ, ಕೊನೆಗೆ ಚಂದ್ರನಿಗೂ ತಾಗಿ ಹಿಂದಿರುಗಿ ಬರುತ್ತದೆ.

ರಾಮನ್ ಸಂಸ್ಥೆಯವರು ಇದಕ್ಕೆ ಕಂಡುಕೊಂಡ ಒಂದು ಉಪಾಯ ನನಗೆ ಬಹಳ ಹಿಡಿಸಿದೆ. 2020ರ ಆರಂಭದಲ್ಲಿ ಅವರು ತಮ್ಮ 'ಸರಸ್' ದೂರದರ್ಶಕದ ಆಂಟೆನಾವನ್ನು ತೆಪ್ಪದ ಮೇಲಿಟ್ಟು ನೀರಿಗೆ ಬಿಟ್ಟರು. ಮೊದಲು ದಂಡಿಗಾನಹಳ್ಳಿ ಕೆರೆಯಲ್ಲಿ, ಆಮೇಲೆ ಶರಾವತಿಯ ಹಿನ್ನೀರಿನಲ್ಲಿ. ನೆಲದ ಮೇಲೆ ಯಾಕೆ ಬೇಡ? ನೆಲದಡಿಯಲ್ಲಿ ಒಂದು ಕಡೆ ಮಣ್ಣು, ಒಂದು ಕಡೆ ಕಲ್ಲು, ಇನ್ನೊಂದು ಕಡೆ ತೇವ. ಇವೆಲ್ಲ ಅಲೆಯನ್ನು ಒಂದೊಂದು ರೀತಿಯಲ್ಲಿ ಹಿಂದಕ್ಕೆ ತಳ್ಳುತ್ತವೆ, ಅಳತೆ ಕೆಡುತ್ತದೆ. ನೀರು ಆಳದವರೆಗೂ ಒಂದೇ ಸಮ. ಹೊರದೇಶದಲ್ಲಿ ಯಾರೂ ಮಾಡದ ಕೆಲಸ ನಮ್ಮ ಕೆರೆಯಲ್ಲಿ ಆಯಿತು.

ಫಲವೂ ಸಣ್ಣದಲ್ಲ. 2018ರಲ್ಲಿ ಅಮೆರಿಕದ ಒಂದು ತಂಡ ಆಸ್ಟ್ರೇಲಿಯಾದ ಮರುಭೂಮಿಯಲ್ಲಿ ಆಂಟೆನಾ ಇಟ್ಟು, ವಿಶ್ವದ ಅರುಣೋದಯದ ಗುರುತು 78 ಮೆಗಾಹರ್ಟ್ಸ್ ಆಸುಪಾಸಿನಲ್ಲಿ ಸಿಕ್ಕಿತು ಎಂದು ಸಾರಿತ್ತು. ಜಗತ್ತೇ ತಿರುಗಿ ನೋಡಿತ್ತು. 2022ರಲ್ಲಿ 'ನೇಚರ್ ಅಸ್ಟ್ರಾನಮಿ' ಪತ್ರಿಕೆಯಲ್ಲಿ ಸರಸ್ ತಂಡ ತನ್ನ ಲೆಕ್ಕ ಮುಂದಿಟ್ಟಿತು. ಅಂಥ ಗುರುತು ನಮಗೆ ಕಾಣಲಿಲ್ಲ, ಅದು ಆಕಾಶದಿಂದ ಬಂದದ್ದಲ್ಲ ಎಂದು ಶೇಕಡಾ 95ಕ್ಕೂ ಹೆಚ್ಚಿನ ಭರವಸೆಯಿಂದ ಹೇಳಿತು. ಆ ಲೇಖನಕ್ಕೆ ಸಹಿ ಹಾಕಿದವರಲ್ಲಿ ಗಿರೀಶ್ ಕೂಡ ಇದ್ದರು. ಇಲ್ಲ ಎಂದು ಹೇಳುವುದಕ್ಕೂ ಇಷ್ಟೊಂದು ದುಡಿಯಬೇಕು, ಅದಕ್ಕೆ ಚಪ್ಪಾಳೆ ಮಾತ್ರ ಕಡಿಮೆ.

ಇನ್ನೂ ಶಾಂತವಾದ ಜಾಗ ಬೇಕಿತ್ತು. ಹೀಗೆ ಬಂತು ನೋಡಿ ಸ್ವಾಲ್ಬಾರ್ಡ್.

ನಾರ್ವೆಗೆ ಸೇರಿದ ಈ ದ್ವೀಪಗಳಲ್ಲಿ ನೀ-ಓಲೆಸುಂಡ್ ಎಂಬ ಪುಟ್ಟ ಊರಿದೆ. ಧ್ರುವಕ್ಕೆ ಅಲ್ಲಿಂದ ಸುಮಾರು 1200 ಕಿಲೋಮೀಟರ್. ಮೊದಲು ಕಲ್ಲಿದ್ದಲು ಗಣಿಯ ಊರು. 1962ರಲ್ಲಿ ಗಣಿಯೊಳಗೆ ಸ್ಫೋಟವಾಗಿ 21 ಜನ ಸತ್ತರು, ಮರುವರ್ಷ ಗಣಿ ಮುಚ್ಚಿತು. ಆಮೇಲೆ ಊರು ಪೂರ್ತಿ ವಿಜ್ಞಾನಿಗಳದ್ದಾಯಿತು. 1926ರ ಮೇ ತಿಂಗಳಲ್ಲಿ ಅಮುಂಡ್‌ಸೆನ್ 'ನೋರ್ಗೆ' ವಾಯುನೌಕೆ ಹತ್ತಿ ಧ್ರುವದ ಮೇಲೆ ಹಾರಿ ಅಲಾಸ್ಕಕ್ಕೆ ಹೋದದ್ದು ಇಲ್ಲಿಂದಲೇ. ಆ ನೌಕೆಯನ್ನು ಕಟ್ಟಿದ್ದ ಕಬ್ಬಿಣದ ಗೋಪುರ ಊರ ಪಕ್ಕದಲ್ಲಿ ಇಂದೂ ನಿಂತಿದೆ.

ಭಾರತದ ಐವರು ವಿಜ್ಞಾನಿಗಳು 2007ರ ಆಗಸ್ಟಿನಲ್ಲಿ ಇಲ್ಲಿಗೆ ಮೊದಲು ಬಂದರು. 2008ರ ಜುಲೈ 1ರಂದು 'ಹಿಮಾದ್ರಿ' ಕೇಂದ್ರ ಬಾಗಿಲು ತೆರೆಯಿತು. ಆದರೆ ಹದಿನೈದು ವರ್ಷ ಅಲ್ಲಿ ನಮ್ಮವರು ಇರುತ್ತಿದ್ದದ್ದು ವರ್ಷದಲ್ಲಿ ಅರ್ಧ ಕಾಲ ಮಾತ್ರ. ಚಳಿಗಾಲಕ್ಕೆ ಬೀಗ. ಆ ಬೀಗ ತೆಗೆದದ್ದು ಈ ನಾಲ್ವರ ತಂಡ. ಗೋವಾದ ರಾಷ್ಟ್ರೀಯ ಧ್ರುವ ಮತ್ತು ಸಾಗರ ಸಂಶೋಧನಾ ಕೇಂದ್ರದಿಂದ ಬಂದ ಅತುಲ್ಯ ತಂಡದ ಮುಂದಾಳು. ಉಳಿದಿಬ್ಬರು ಮಂಡಿಯ ಐಐಟಿ ಮತ್ತು ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯವರು.

ಆ ಊರಿನಲ್ಲಿ ಅಕ್ಟೋಬರ್ ಕೊನೆಗೆ ಮುಳುಗಿದ ಸೂರ್ಯ ದಿಗಂತ ದಾಟಿ ಮೇಲೆ ಬರುವುದು ಫೆಬ್ರವರಿಯಲ್ಲಿ. ಡಿಸೆಂಬರಿನಲ್ಲಿ ಮಧ್ಯಾಹ್ನ ಹನ್ನೆರಡಕ್ಕೂ ಕತ್ತಲೆಯೇ. ಉಷ್ಣಾಂಶ ಸಾಮಾನ್ಯವಾಗಿ ಸೊನ್ನೆಗಿಂತ 15 ಡಿಗ್ರಿಯಷ್ಟು ಕೆಳಗೆ ಇಳಿಯುತ್ತದೆ. ಅಷ್ಟೇನಾ ಅನಿಸಬಹುದು. ಅಟ್ಲಾಂಟಿಕ್‌ನ ಬೆಚ್ಚಗಿನ ಪ್ರವಾಹವೊಂದು ದ್ವೀಪದ ಪಶ್ಚಿಮ ತೀರವನ್ನು ತಟ್ಟಿಕೊಂಡು ಹೋಗುವುದರಿಂದ ಅಷ್ಟಕ್ಕೆ ನಿಂತಿದೆ. ಚಳಿಗಿಂತ ಹೆಚ್ಚಿನ ಎಚ್ಚರ ಬೇಕಾದದ್ದು ಹಿಮಕರಡಿಗೆ. ಊರಿನ ಗಡಿ ದಾಟುವವರು ಕೋವಿ ಹಿಡಿದೇ ಹೋಗಬೇಕು, ಅದಕ್ಕೆ ಮೊದಲೇ ತರಬೇತಿಯೂ ಆಗಿರಬೇಕು. ಕೋವಿಯ ಪೂಜೆಗೆ ಕೈಲ್‌ಪೊಳ್ದ್ ಇಟ್ಟುಕೊಂಡಿರುವ ನಾಡಿನವರಿಗೆ ಇದೇನೂ ವಿಚಿತ್ರವೆನಿಸಲಿಕ್ಕಿಲ್ಲ! ಊರೊಳಗಿನ ಮನೆಗಳಿಗೆ ಮಾತ್ರ ಬೀಗ ಹಾಕುವುದಿಲ್ಲ. ಕರಡಿ ಕಂಡವರು ಹತ್ತಿರದ ಯಾವ ಬಾಗಿಲಿಗಾದರೂ ನುಗ್ಗಬಹುದು.

ಅಲ್ಲಿ ವೈಫೈಗೂ ನಿಷೇಧ. ದೂರದ ಗ್ಯಾಲಕ್ಸಿಗಳಿಂದ ಬರುವ ಅಲೆ ಹಿಡಿದು ಭೂಮಿಯ ಚಲನೆಯನ್ನೇ ಅಳೆಯುವ ನಾರ್ವೆಯ ವೀಕ್ಷಣಾಲಯವೊಂದು ಅಲ್ಲಿದೆ, ಅದರ ಸುತ್ತ 20 ಕಿಲೋಮೀಟರ್ ರೇಡಿಯೊ ಮೌನ. ಆದರೆ ಆ ನಿಷೇಧ ಇರುವುದು ಎತ್ತರದ ಆವರ್ತನಗಳಿಗೆ. ಎಫ್‌ಎಂ ಇರುವ ತಗ್ಗಿನ ಪಟ್ಟಿಯಲ್ಲಿ ಎಷ್ಟು ಶಾಂತಿ ಇದೆ ಎಂದು ಯಾರೂ ಅಳೆದಿರಲಿಲ್ಲ. ಗಿರೀಶ್ ಹೋದದ್ದು ಅದಕ್ಕೆ. ಕರಡಿಯ ಊರಿನಲ್ಲಿ ಆಂಟೆನಾ ನಿಲ್ಲಿಸಿ, ಯಾವ ಆವರ್ತನದಲ್ಲಿ ಎಷ್ಟು ಗಲಾಟೆ ಇದೆ ಎಂದು ದಾಖಲಿಸುವ ಕೆಲಸ. ಕೇಳಲು ನೀರಸ. ಆದರೆ ಮುಂದೆ ಅಲ್ಲಿ ದೂರದರ್ಶಕ ಇಡಬಹುದೇ ಬೇಡವೇ ಎನ್ನುವುದು ನಿಂತಿರುವುದು ಅದರ ಮೇಲೆ.

ಉಳಿದವರ ಕೆಲಸ ಹವಾಮಾನದ್ದು, ಅದು ಕೊಡಗಿಗೆ ಹತ್ತಿರದ್ದು. ನಮ್ಮ ತೋಟಗಾರರು ತಲೆಮಾರುಗಳಿಂದ ಮಳೆಯನ್ನು ಇಂಚು, ಸೆಂಟುಗಳಲ್ಲಿ ಬರೆದಿಡುತ್ತ ಬಂದವರು. ಹೂಮಳೆ ಯಾವ ದಿನ ಬಿತ್ತು, ಬ್ಯಾಕಿಂಗ್ ಮಳೆ ಸಿಕ್ಕಿತೋ ಇಲ್ಲವೋ, ಎಲ್ಲ ಪುಸ್ತಕದಲ್ಲಿದೆ. ಮಳೆಗೂ ಧ್ರುವಕ್ಕೂ ಏನು ಸಂಬಂಧ ಅಂತೀರಾ? ಆರ್ಕ್‌ಟಿಕ್ ಪ್ರದೇಶ ಉಳಿದ ಭೂಮಿಗಿಂತ ಸುಮಾರು ನಾಲ್ಕು ಪಟ್ಟು ಬೇಗ ಬಿಸಿಯಾಗುತ್ತಿದೆ. ಅಲ್ಲಿನ ಕಾರಾ ಸಮುದ್ರದಲ್ಲಿ ಬೇಸಿಗೆಯ ಮಂಜುಗಡ್ಡೆ ಕಡಿಮೆಯಾದ ವರ್ಷಗಳಿಗೂ ಮಧ್ಯ ಭಾರತದಲ್ಲಿ ಸೆಪ್ಟೆಂಬರಿನಲ್ಲಿ ಸುರಿಯುವ ಅತಿಮಳೆಗೂ ನಂಟಿರಬಹುದು ಎಂದು ಗೋವಾ ಕೇಂದ್ರದ ವಿಜ್ಞಾನಿಗಳು ತೋರಿಸಿದ್ದಾರೆ. ಇರಬಹುದು ಎಂದಷ್ಟೇ. 2018ರ ಆಗಸ್ಟಿನಲ್ಲಿ ನಮ್ಮ ಗುಡ್ಡಗಳು ಜರಿದದ್ದನ್ನು ಇದಕ್ಕೆ ಗಂಟು ಹಾಕಲು ಹೋಗಬೇಡಿ. ಆಗಸ್ಟೇ ಬೇರೆ, ಸೆಪ್ಟೆಂಬರೇ ಬೇರೆ, ಕೊಡಗೂ ಮಧ್ಯ ಭಾರತವಲ್ಲ.

ರಾಮನ್ ಸಂಸ್ಥೆಯ ಮುಂದಿನ ಗುರಿ ಧ್ರುವಕ್ಕಿಂತ ದೂರದ್ದು. 'ಪ್ರತುಷ್' ಎಂಬ ಉಪಕರಣವನ್ನು ಚಂದ್ರನ ಸುತ್ತ ಕಳಿಸುವ ಯೋಜನೆ ಅದು. ಚಂದ್ರನ ಆಚೆ ಮಗ್ಗುಲಿಗೆ ಭೂಮಿಯ ಯಾವ ರೇಡಿಯೊ ಕೇಂದ್ರವೂ ಕೇಳಿಸದು. ಉಪಕರಣ ಆ ಮಗ್ಗುಲಲ್ಲಿ ಆಲಿಸಬೇಕು, ಈಚೆ ಬಂದಾಗ ಭೂಮಿಗೆ ಮಾಹಿತಿ ಕಳಿಸಬೇಕು. ಅದಕ್ಕೆ ಕ್ರೆಡಿಟ್ ಕಾರ್ಡಿನಷ್ಟೇ ದೊಡ್ಡದಾದ ಕಂಪ್ಯೂಟರ್ ಸಾಕೇ ಎಂದು ಪ್ರಯೋಗಾಲಯದಲ್ಲಿ ಪರೀಕ್ಷಿಸಿ ನೋಡಿದ ತಂಡದಲ್ಲೂ ಗಿರೀಶ್ ಇದ್ದಾರೆ.

ಹಿಮಾದ್ರಿಗೆ ಈಗ ಚಳಿಗಾಲದಲ್ಲೂ ತಂಡಗಳು ಹೋಗುತ್ತಿವೆ. ಅಲ್ಲಿ ಸಂಶೋಧನೆ ಮಾಡಬಯಸುವ ವಿಶ್ವವಿದ್ಯಾಲಯ, ಕಾಲೇಜುಗಳಿಂದ ಗೋವಾದ ಕೇಂದ್ರ ಪ್ರಸ್ತಾವನೆ ಕರೆಯುತ್ತದೆ. ಪೊನ್ನಂಪೇಟೆಯ ಅರಣ್ಯ ಕಾಲೇಜಿನ ವಿದ್ಯಾರ್ಥಿಗಳು ಯಾರಾದರೂ ಕೇಳುತ್ತಿದ್ದರೆ, ಕೇಂದ್ರದ ಪ್ರಕಟಣೆಗಳ ಮೇಲೆ ಒಂದು ಕಣ್ಣಿಟ್ಟಿರಿ. ಕರಡಿ, ಕೋವಿಗಳ ತರಬೇತಿ ಹೇಗೂ ಸಿಗುತ್ತದೆ.