ಸೊರಗಿದ ಮಣ್ಣಿಗೆ ಕಲ್ಲಿನ ಪುಡಿ



ಹೊಲದ ಕಲ್ಲು ಆರಿಸಿ ಬದುವಿಗೆ ಹಾಕುವುದು ರೈತರ ವಾಡಿಕೆ. ಆದರೆ ಬ್ರೆಜಿಲ್‌ನಲ್ಲಿ ಈಗ ಹಣ ಕೊಟ್ಟು ಕಲ್ಲಿನ ಪುಡಿ ತಂದು ಹೊಲಕ್ಕೆ ಎರಚುವವರಿದ್ದಾರೆ. ಈ ವಿಚಾರಕ್ಕೆ ಅಲ್ಲಿ ಕಾನೂನಿನ ಮಾನ್ಯತೆ ಸಿಗಲು ನೂರು ವರ್ಷಕ್ಕೂ ಹೆಚ್ಚು ಹಿಡಿಯಿತು.

ಇದನ್ನು ಪಟ್ಟು ಹಿಡಿದು ಸಾರಿದವರು ಜರ್ಮನಿಯ ಯೂಲಿಯುಸ್ ಹೆನ್ಸೆಲ್. ಕಲ್ಲಿನಿಂದ ರೊಟ್ಟಿ ಎಂಬರ್ಥದ ಹೆಸರಿನ ಅವರ ಪುಸ್ತಕ 1894ರಲ್ಲಿ ಇಂಗ್ಲಿಷಿನಲ್ಲಿ ಬಂತು. ಆದರೆ ಅದು ರಾಸಾಯನಿಕ ಗೊಬ್ಬರ ಏರುತ್ತಿದ್ದ ಕಾಲ. ನೀರು ಬಿದ್ದೊಡನೆ ಕರಗುವ ಗೊಬ್ಬರದ ಮುಂದೆ, ವರ್ಷಗಟ್ಟಲೆ ಕರಗುವ ಕಲ್ಲನ್ನು ಕೇಳುವವರು ಕಡಿಮೆ. ಮುಂದೆ ಮಾರಿಷಸ್‌ನ ಕಬ್ಬಿನ ಹೊಲಗಳಲ್ಲಿ ಜ್ವಾಲಾಮುಖಿ ಶಿಲೆಯಾದ ಬಸಾಲ್ಟಿನ ಪುಡಿಯ ಪ್ರಯೋಗ ನಡೆದು, 1961ರಲ್ಲಿ ವರದಿಯೂ ಬಂತು.

ಬ್ರೆಜಿಲ್‌ನ ಸೆರಾಡೊ ಬಯಲಿನದು ಕೆಂಪು, ಹುಳಿ ಮಣ್ಣು. ಲಕ್ಷಾಂತರ ವರ್ಷಗಳ ಮಳೆ ಅದರ ಸುಣ್ಣ, ಮೆಗ್ನೀಸಿಯಂ, ಪೊಟ್ಯಾಷನ್ನು ತೊಳೆದುಬಿಟ್ಟಿದೆ. ಹೊಸದಾಗಿ ಪೊಟ್ಯಾಷ್ ಹಾಕಿದರೂ ಹಿಡಿದಿಡುವ ತ್ರಾಣ ಅದಕ್ಕಿಲ್ಲ. ಇಂಗುವ ನೀರಿನ ಜೊತೆ ಬೇರಿನಾಚೆಗೆ ಇಳಿದುಹೋಗುತ್ತದೆ. ಹಾಕಿದ ರಂಜಕವನ್ನು ಕಬ್ಬಿಣ, ಅಲ್ಯೂಮಿನಿಯಂ ಕಟ್ಟಿಹಾಕುತ್ತವೆ. ಇಂಥ ನೆಲಕ್ಕೆ ಕರಗುವ ಗೊಬ್ಬರವೇ ಬೇಕೆ, ಅರೆದ ಕಲ್ಲು ಮೇಲಲ್ಲವೆ ಎಂದು 1987ರಲ್ಲಿ ಭೂವಿಜ್ಞಾನಿಗಳಾದ ಓಥಾನ್ ಲಿಯೊನಾರ್ಡೋಸ್, ವಿಲಿಯಂ ಫೈಫ್ ಮತ್ತು ಸಂಗಡಿಗರು ಕೇಳಿದರು. ನನ್ನ ದೃಷ್ಟಿಯಲ್ಲಿ ಈ ಇತಿಹಾಸದ ಅತಿ ಮುಖ್ಯ ಪ್ರಶ್ನೆ ಇದೇ.

ಬಸಾಲ್ಟಿನ ಒಂದು ಕಣ ಮಣ್ಣಿಗೆ ಬಿತ್ತೆನ್ನಿ. ಮಳೆನೀರಿನಲ್ಲಿ ಬೆರೆತ ಇಂಗಾಲದ ಡೈಆಕ್ಸೈಡ್ ಸೌಮ್ಯ ಆಮ್ಲವಾಗಿ ಅದರ ಮೈಯನ್ನು ತಿನ್ನುತ್ತದೆ. ಬೇರು ಒಸರುವ ಆಮ್ಲ, ಸೂಕ್ಷ್ಮಜೀವಿಗಳು ಕೈಜೋಡಿಸುತ್ತವೆ. ಕ್ಯಾಲ್ಸಿಯಂ, ಮೆಗ್ನೀಸಿಯಂ, ಸಿಲಿಕಾ ಚೂರುಚೂರೇ ಬಿಡುಗಡೆಯಾಗಿ ಮಣ್ಣಿನ ಹುಳಿ ಇಳಿಯುತ್ತದೆ. ಕಣ ನುಣ್ಣಗಾದಷ್ಟೂ ಕೆಲಸ ಬೇಗ. ಸಾರಜನಕ ಮಾತ್ರ ಇದರಿಂದ ಸಿಗದು. ಅದಕ್ಕೆ ಕೊಟ್ಟಿಗೆ ಗೊಬ್ಬರ, ದ್ವಿದಳ ಬೆಳೆ ಬೇಕೇ ಬೇಕು.

ತನಗೆ ಬೇಕಾದ ರಸಗೊಬ್ಬರದ ಬಹುಪಾಲನ್ನು ಹೊರಗಿನಿಂದ ತರಿಸುವ ಬ್ರೆಜಿಲ್, 2013ರಲ್ಲಿ ಕಲ್ಲಿನ ಪುಡಿಯನ್ನು ತನ್ನ ಗೊಬ್ಬರ ಕಾನೂನಿಗೆ ಸೇರಿಸಿತು. 2016ರ ನಿಯಮ ಇನ್ನೂ ಬಿಗಿ: ಕ್ಯಾಲ್ಸಿಯಂ, ಮೆಗ್ನೀಸಿಯಂ, ಪೊಟ್ಯಾಸಿಯಂ ಆಕ್ಸೈಡುಗಳು ಒಟ್ಟು ಕನಿಷ್ಠ ಶೇ. 9, ಅದರಲ್ಲಿ ಪೊಟ್ಯಾಷ್ ಕನಿಷ್ಠ ಶೇ. 1 ಇರಬೇಕು, ಬಿಡಿ ಸಿಲಿಕಾ ಶೇ. 25 ಮೀರಬಾರದು. ಸೀಸ, ಪಾದರಸದಂಥ ವಿಷಲೋಹಗಳಿಗೂ ಮಿತಿಯಿದೆ.

ನಮ್ಮ ಉತ್ತರ ಕರ್ನಾಟಕದ ಎರೆಮಣ್ಣು ಹಲವೆಡೆ ಬಸಾಲ್ಟ್ ಸವೆದು ಆದದ್ದು. ಕರಾವಳಿಯ ಮುರಕಲ್ಲಿನ ನೆಲ ಸೆರಾಡೊದಂತೆಯೇ ಮಳೆಗೆ ಸಾರ ಕಳೆದುಕೊಂಡದ್ದು. ಹಾಗೆಂದು ಹತ್ತಿರದ ಜಲ್ಲಿ ಕ್ರಷರಿನ ಪುಡಿ ತಂದು ಸುರಿಯಬೇಡಿ. ಅದು ಗ್ರಾನೈಟಿನ ಪುಡಿಯಾಗಿದ್ದರೆ, ಸುಲಭವಾಗಿ ಕರಗದ ಬೆಣಚುಕಲ್ಲಿನ ಅಂಶ ಅದರಲ್ಲಿ ಬಹಳ. ಮೊದಲು ಮಣ್ಣು ಪರೀಕ್ಷೆ ಮಾಡಿಸಿ, ಕಲ್ಲನ್ನೂ ಪರೀಕ್ಷೆ ಮಾಡಿಸಿ. ಆಮೇಲೆ ಹೊಲದ ಒಂದು ಮೂಲೆಯಲ್ಲಿ ಹಾಕಿ ನೋಡಿ.